ಮೊದಲು ಬೂಟು, ಬೋರ್ಡ್ ಕೊನೆಗೆ: ಹಾರ್ಡ್‌ಬೂಟ್ ಕಾರ್ವಿಂಗ್‌ಗೆ ಸಾಮಾನು ಹೊಂದಿಸುವ ಬಗೆ

ನಾನು ಕೊಂಡ ಮೊದಲ ಆಲ್ಪೈನ್ ಸ್ನೋಬೋರ್ಡ್ 183 ಸೆಂಟಿಮೀಟರ್ ಉದ್ದವಿತ್ತು. ನನಗಿಂತ ಅರ್ಧ ಗೇಣು ಎತ್ತರ. ಸೆಕೆಂಡ್ ಹ್ಯಾಂಡ್, ಕೆಂಪು ಬಣ್ಣ, ಬೆಲೆ ಕಮ್ಮಿ. ಯಾರೋ ರೇಸ್‌ನಲ್ಲಿ ಓಡಿಸಿ ಮಾರಿದ್ದ ಜೈಂಟ್ ಸ್ಲಾಲಮ್ ಬೋರ್ಡ್, ಅಂದರೆ ದೊಡ್ಡ ದೊಡ್ಡ ತಿರುವಿನ ರೇಸಿಗೆ ಮಾಡಿದ್ದು. ನಾನು ಹೋಗುವುದು ಟೊರಾಂಟೊದಿಂದ ಎರಡು ಗಂಟೆ ದಾರಿಯ ಬ್ಲೂ ಮೌಂಟನ್‌ಗೆ. ಹೆಸರಿಗೆ ಮೌಂಟನ್, ತುದಿಯಿಂದ ಬುಡಕ್ಕೆ ಸುಮಾರು 220 ಮೀಟರ್ ಅಷ್ಟೆ. ನಮ್ಮ ಚಾಮುಂಡಿ ಬೆಟ್ಟವೇ ಇದಕ್ಕಿಂತ ಎತ್ತರ. ಆ ಬೋರ್ಡ್ ಒಂದು ತಿರುವು ಮುಗಿಸುವಷ್ಟರಲ್ಲಿ ಇಳಿಜಾರಿನ ಅಂಚಿನ ಮರಗಳು ಎದುರಿಗೇ ಬಂದುಬಿಡುತ್ತಿದ್ದವು. ಜೊತೆಗೆ ಬೂಟು ಒಂದು ಸೈಜ್ ದೊಡ್ಡದು. ಆ ಸೀಸನ್ ಪೂರ್ತಿ ನಾನು ಕಲಿತದ್ದು ಬ್ರೇಕ್ ಹಾಕುವುದನ್ನು ಮಾತ್ರ.

ಆಗ ಯಾರಾದರೂ ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಭಾಷೆಯಲ್ಲಿ ಹೇಳಿದ್ದರೆ ದುಡ್ಡೂ ಉಳಿಯುತ್ತಿತ್ತು, ಮಂಡಿಯೂ ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸಕ್ಕೆಂದು ಕೆನಡಾ, ಅಮೆರಿಕ, ಯುರೋಪ್ ಕಡೆ ಬಂದು, ಚಳಿಗಾಲ ಕಳೆಯಲು ಸ್ನೋಬೋರ್ಡ್ ಹತ್ತಿದ ನಮ್ಮವರು ಇದ್ದಾರಲ್ಲ, ಇದು ಅವರಿಗೆ. ಮಾಮೂಲಿ ಬೋರ್ಡ್ ಮೇಲೆ ಒಂದೆರಡು ಸೀಸನ್ ಆಗಿರಲಿ. ಎರಡೂ ಬದಿಗೆ ಹೆದರದೆ ತಿರುಗಲು ಬರಲಿ. ಅಷ್ಟಿದ್ದರೆ ಸಾಕು.

ಇದು ಯಾವ ಬಗೆಯ ಸ್ನೋಬೋರ್ಡಿಂಗ್

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಒಂದೇ ಕೂಟದಲ್ಲಿ ಸ್ಕೀಯಿಂಗ್‌ನ ಚಿನ್ನವನ್ನೂ ಸ್ನೋಬೋರ್ಡಿಂಗ್‌ನ ಚಿನ್ನವನ್ನೂ ಗೆದ್ದದ್ದು ನೆನಪಿದೆಯಾ? ಆ ಸ್ನೋಬೋರ್ಡ್ ರೇಸ್‌ನಲ್ಲಿ ಕಂಡದ್ದೇ ಆಲ್ಪೈನ್ ಬೋರ್ಡ್. ಉದ್ದ, ಕಿರಿದು, ಬಿಗಿ (ಸುಲಭಕ್ಕೆ ಬಾಗದ್ದು). ಕಾಲಿಗೆ ಸ್ಕೀ ಬೂಟಿನಂಥ ಗಟ್ಟಿ ಪ್ಲಾಸ್ಟಿಕ್ ಬೂಟು, ಅದೇ ಹಾರ್ಡ್‌ಬೂಟ್. ಅಡ್ಡಡ್ಡ ನಿಲ್ಲುವುದಲ್ಲ, ಎರಡೂ ಪಾದಗಳು ಬಹುಪಾಲು ಮುಂದಕ್ಕೇ ಮುಖ ಮಾಡಿರುತ್ತವೆ.

ರೇಸ್ ಇಲ್ಲದೆ ಸುಮ್ನೆ ಖುಷಿಗೆ ಇದನ್ನು ಓಡಿಸುವುದೇ ಕಾರ್ವಿಂಗ್. ಮಾಮೂಲಿ ಬೋರ್ಡ್ ತಿರುಗುವಾಗ ಹಿಂಭಾಗ ಸ್ವಲ್ಪ ಜಾರುತ್ತದೆ, ಹಿಮ ಕೆರೆದು ಹಾರುತ್ತದೆ. ಕಾರ್ವಿಂಗ್‌ನಲ್ಲಿ ಜಾರುವುದೇ ಇಲ್ಲ. ಬದಿಯ ಉಕ್ಕಿನ ಎಡ್ಜ್ ಹಿಮದೊಳಗೆ ಇಳಿದು, ಈಳಿಗೆಮಣೆಯಲ್ಲಿ ಸೌತೆಕಾಯಿ ಸೀಳಿದ ಹಾಗೆ ಸೀಳಿಕೊಂಡು ಹೋಗುತ್ತದೆ. ಹಿಂದೆ ಉಳಿಯುವುದು ಪೆನ್ಸಿಲ್ ಎಳೆದಂಥ ಒಂದು ಗೆರೆ. ಮೈ ಎಷ್ಟು ವಾಲುತ್ತದೆಂದರೆ ಸೊಂಟ ಹಿಮಕ್ಕೆ ತಾಗುವಷ್ಟು.

ಇದಕ್ಕೆ ಬೇಕಾದದ್ದು ಯಂತ್ರ ಓಡಿಸಿ ಹದ ಮಾಡಿದ ಗಟ್ಟಿ ಹಿಮ. ಪುಡಿ ಹಿಮದಲ್ಲಿ ಈ ಕಿರಿದಾದ ಬೋರ್ಡ್ ಮುಳುಗುತ್ತದೆ. ಹಾಗಾಗಿ ಗುಲ್ಮಾರ್ಗ್‌ನ ಮೇಲಿನ ಇಳಿಜಾರುಗಳಿಗೆ ಹೋಗುವವರು ಇದನ್ನು ಹೊತ್ತುಕೊಂಡು ಹೋಗಬೇಡಿ, ಅಲ್ಲಿನ ಸೊಗಸೇ ಪುಡಿ ಹಿಮ. ಅದೇ ಒಂಟಾರಿಯೊದ ಗುಡ್ಡಗಳ ಬಗ್ಗೆ ಎಲ್ಲರೂ ಬೈಯುವುದು ಅಲ್ಲಿನ ಕಲ್ಲಿನಂಥ ಮಂಜಿಗೆ. ಕಾರ್ವಿಂಗ್ ಮಾಡುವವರಿಗೆ ಆ ಬೈಗುಳವೇ ವರ.

ಮೊದಲು ಬೂಟು

ಎಲ್ಲರೂ ಮೊದಲು ಬೋರ್ಡ್ ಕೊಳ್ಳುತ್ತಾರೆ. ಕಣ್ಣಿಗೆ ಕಾಣುವುದು ಅದೇ ತಾನೆ! ಆದರೆ ನಿಮ್ಮ ಮಾತು ಬೋರ್ಡಿಗೆ ತಲುಪುವುದು ಬೂಟಿನ ಮೂಲಕ. ಬೂಟು ಸಡಿಲವಿದ್ದರೆ ಎಂಥ ಬೋರ್ಡೂ ಕಿವುಡು. ಕೈಯಲ್ಲಿರುವ ದುಡ್ಡಿನಲ್ಲಿ ದೊಡ್ಡ ಪಾಲು ಇಲ್ಲಿಗೇ ಹೋಗಲಿ.

ಅಳತೆ ಮನೆಯಲ್ಲೇ ತೆಗೆಯಬಹುದು. ಸಂಜೆ ಹೊತ್ತು ತೆಗೆಯಿರಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ಎರಡೂ ಕಾಲಿನ ಮೇಲೆ ಭಾರ ಹಾಕಿ ನಿಲ್ಲಿ. ಗೋಡೆಯಿಂದ ಉದ್ದದ ಬೆರಳಿನ ತುದಿವರೆಗೆ ಎಷ್ಟು ಸೆಂಟಿಮೀಟರೋ ಅದೇ ನಿಮ್ಮ ಮೊಂಡೊ ಸೈಜ್. 26.5 ಬಂದರೆ 26.5. ಎರಡು ಕಾಲಿಗೂ ವ್ಯತ್ಯಾಸವಿದ್ದರೆ ದೊಡ್ಡದನ್ನು ಹಿಡಿಯಿರಿ. ಬಾಟಾ ಅಂಗಡಿಯ ಸೈಜು, ಆಫೀಸ್ ಶೂ ಸೈಜು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನು ಶೆಲ್ ಪರೀಕ್ಷೆ. ಬೂಟಿನ ಒಳಗಿನ ಮೆತ್ತನೆ ಲೈನರ್ ಹೊರಗೆ ಎಳೆದುಬಿಡಿ. ಬರೀ ಪ್ಲಾಸ್ಟಿಕ್ ಶೆಲ್ಲಿನೊಳಗೆ ತೆಳು ಕಾಲ್ಚೀಲದ ಪಾದ ಇಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿ. ಈಗ ಹಿಮ್ಮಡಿಯ ಹಿಂದೆ ಎಷ್ಟು ಜಾಗ ಇದೆ? ಒಂದು ಬೆರಳು ಆರಾಮಾಗಿ ತೂರಿದರೆ, ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಇದ್ದರೆ, ಸರಿ. ಎರಡು ಬೆರಳು ಹೋದರೆ ಆ ಬೂಟನ್ನು ವಾಪಸ್ ಇಡಿ, ಎಷ್ಟೇ ಅಗ್ಗವಾಗಿರಲಿ. ನನ್ನ ಮೊದಲ ಬೂಟಿನಲ್ಲಿ ಎರಡು ಬೆರಳು ತೂರಿಸಿ ಮೇಲೆ ಇನ್ನಷ್ಟು ಜಾಗ ಉಳಿಯುತ್ತಿತ್ತು. ಮಾರಿದವನು "ದಪ್ಪ ಕಾಲ್ಚೀಲ ಹಾಕಿ" ಅಂದ. ಹಾಕಿದೆ. ಹಿಮ್ಮಡಿ ಎದ್ದೆದ್ದು ಬೀಳುತ್ತಿತ್ತು. ಹಿಡಿತ ಸಿಗಲೆಂದು ಬಕಲ್ ಬಿಗಿದೆ. ರಕ್ತ ಓಡದೆ ಬೆರಳು ಮರಗಟ್ಟಿದವು. ದೊಡ್ಡ ಬೂಟೇ ಹೆಚ್ಚು ಚಳಿ ತರುವುದು, ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಲೈನರ್ ವಾಪಸ್ ಹಾಕಿ ಬಕಲ್ ಕಟ್ಟಿ ನೇರ ನಿಂತರೆ ಬೆರಳು ಮುಂದೆ ಸ್ವಲ್ಪ ಒತ್ತಬೇಕು. ಮಂಡಿ ಬಗ್ಗಿಸಿದರೆ ಬೆರಳು ಹಿಂದೆ ಸರಿದು ಸಡಿಲವಾಗಬೇಕು. ಈಗಿನ ಬೂಟುಗಳಲ್ಲಿ ಶಾಖಕ್ಕೆ ಮೆತ್ತಗಾಗಿ ನಿಮ್ಮ ಪಾದದ ಆಕಾರ ಹಿಡಿಯುವ ಥರ್ಮೊ ಲೈನರ್ ಇರುತ್ತದೆ. ಅದನ್ನು ಸ್ಕೀ ಬೂಟು ಹೊಂದಿಸುವ ಅಂಗಡಿಯಲ್ಲೇ ಮಾಡಿಸಿ. ಮನೆ ಒಲೆಯ ಸಾಹಸ ಬೇಡ.

ಆಮೇಲೆ ಮನೆಯಲ್ಲಿ ಅರ್ಧ ಗಂಟೆ ಹಾಕಿಕೊಂಡು ಓಡಾಡಿ. ನಾನು ಬೂಟು ಹಾಕಿಕೊಂಡೇ ಉಪ್ಪಿಟ್ಟು ತಿರುವಿದ್ದೇನೆ. ಕೆಳಗಿನ ಮನೆಯವರು ಬಾಗಿಲು ತಟ್ಟಿದರು, ಅದು ಬೇರೆ ವಿಷಯ. ಅರ್ಧ ಗಂಟೆಯಲ್ಲಿ ಒಂದೇ ಜಾಗದಲ್ಲಿ ಚುಚ್ಚುವ ನೋವು ಬಂದರೆ ಆ ಜಾಗದ ಶೆಲ್ ಹಿಗ್ಗಿಸಲು ಬರುತ್ತದೆ. ಇಡೀ ಪಾದಕ್ಕೆ ಒಂದೇ ಸಮನೆ ಬಿಗಿ ಅನಿಸಿದರೆ ಅದು ಒಳ್ಳೆಯ ಸೂಚನೆ. ಲೈನರ್ ದಿನ ಕಳೆದಂತೆ ಕುಗ್ಗುತ್ತದೆ.

ಹಾರ್ಡ್‌ಬೂಟ್ ಮಾಡುವವರು ಈಗ ಬೆರಳೆಣಿಕೆಯಷ್ಟು: ಡೀಲಕ್ಸ್, ಯುಪಿಝಡ್, ಮೌಂಟನ್ ಸ್ಲೋಪ್. ತುಂಬಾ ಬಿಗಿಯ ರೇಸ್ ಮಾಡೆಲ್ ಬೇಡ, ನಡುವಿನದು ಸಾಕು. "ನನ್ನ ಹಳೆ ಸ್ಕೀ ಬೂಟು ಆಗಲ್ವಾ?" ಅಂತ ಕೇಳುವವರಿದ್ದಾರೆ. ಒಂದು ದಿನ ರುಚಿ ನೋಡಲು ಆಗುತ್ತದೆ. ಆದರೆ ಸ್ಕೀ ಬೂಟಿನ ಅಟ್ಟೆ ಉದ್ದ, ಕಣಕಾಲು ಬದಿಗೆ ವಾಲುವುದಿಲ್ಲ, ಹಿಂಗಾಲನ್ನು ಬೇಕಾದಷ್ಟು ಮುಂದಕ್ಕೆ ಬಾಗಿಸಲು ಬರುವುದಿಲ್ಲ. ಹಾರ್ಡ್‌ಬೂಟಿನ ಹಿಂದೆ ಒಂದು ಸಣ್ಣ ಲಿವರ್ ಇರುತ್ತದೆ. ಬೂಟು ಎಷ್ಟು ಮುಂದಕ್ಕೆ ವಾಲಿರಬೇಕು ಎಂದು ಹಂತ ಹಂತವಾಗಿ ಕೂರಿಸುವುದು ಅದರಿಂದ.

ಒಂದು ಎಚ್ಚರಿಕೆ. 1990ರ ದಶಕದ ಬೂಟು, ಪ್ಲಾಸ್ಟಿಕ್ ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಹಿಡಿದಿಡುವ ಸಾಧನ) ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ಹಳೆ ಪ್ಲಾಸ್ಟಿಕ್ ಹೊರಗೆ ಹೊಳೆಯುತ್ತಿದ್ದರೂ ಒಳಗೆ ಪೆಡಸಾಗಿರುತ್ತದೆ. ಚಳಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ, ಅದೂ ವೇಗದಲ್ಲಿರುವಾಗ.

ಬೈಂಡಿಂಗ್

ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಹಾರ್ಡ್‌ಬೂಟಿಗೆ ಪಟ್ಟಿ ಇರುವುದಿಲ್ಲ, ಪ್ಲೇಟ್ ಬೈಂಡಿಂಗ್ ಇರುತ್ತದೆ. ಹಿಮ್ಮಡಿ ಕಡೆ ಗಟ್ಟಿ ತಂತಿಯ ಕೊಂಡಿ, ಬೆರಳಿನ ಕಡೆ ಲಿವರ್. ಹಿಮ್ಮಡಿ ತೂರಿಸಿ, ಲಿವರ್ ಎತ್ತಿ ಬಿಗಿದರೆ ಮುಗಿಯಿತು. ಎಫ್2 ಕಂಪನಿಯದು ಸ್ವಲ್ಪ ಬಳುಕುತ್ತದೆ, ಹೊಸಬರಿಗೆ ಒಳ್ಳೆಯದು. ಬಾಂಬರ್‌ನದು ಲೋಹದ ಗಟ್ಟಿ ಪಿಂಡ, ತೂಕ ಜಾಸ್ತಿ ಇರುವವರಿಗೆ ಇಷ್ಟವಾಗುತ್ತದೆ. ಬಗ್ಗದೆ ಕಾಲು ಒತ್ತಿ ಹಾಕುವ ಸ್ಟೆಪ್-ಇನ್ ಕೂಡ ಇದೆ, ಅದಕ್ಕೆ ಬೂಟಿನ ಹಿಮ್ಮಡಿ ತುಂಡು ಬದಲಿಸಬೇಕು. ಬೋರ್ಡಿಗೂ ಬೈಂಡಿಂಗ್‌ಗೂ ನಡುವೆ ಕೂರಿಸುವ ದೊಡ್ಡ ಪ್ಲೇಟುಗಳನ್ನು ರೇಸಿನವರು ಬಳಸುತ್ತಾರೆ. ಮೊದಲ ಎರಡು ವರ್ಷ ಅದರ ಕಡೆ ತಿರುಗಿಯೂ ನೋಡಬೇಡಿ.

ಕೊನೆಗೆ ಬೋರ್ಡ್

ಬೋರ್ಡನ್ನು ಮೇಲಿನಿಂದ ನೋಡಿದರೆ ಡಮರುಗದ ಹಾಗೆ ನಡು ಸಣ್ಣ, ತುದಿಗಳು ಅಗಲ. ಬದಿಯ ಈ ಒಳಬಾಗು ಒಂದು ದೊಡ್ಡ ವೃತ್ತದ ತುಂಡು. ಆ ವೃತ್ತದ ರೇಡಿಯಸ್ಸೇ ಸೈಡ್‌ಕಟ್ ರೇಡಿಯಸ್. ಬೋರ್ಡ್ ಎಷ್ಟು ದೊಡ್ಡ ತಿರುವು ಹಾಕುತ್ತದೆ ಅನ್ನುವುದು ಮುಖ್ಯವಾಗಿ ಇದರ ಮೇಲೆ ನಿಂತಿದೆ, ಮತ್ತೆ ನೀವು ಎಷ್ಟು ವಾಲಿಸುತ್ತೀರಿ ಅನ್ನುವುದರ ಮೇಲೆ. ಅಂದಾಜು ಲೆಕ್ಕ ಸುಲಭ: ರೇಡಿಯಸ್ಸನ್ನು ವಾಲಿದ ಕೋನದ ಕೊಸೈನ್‌ನಿಂದ ಗುಣಿಸಿ. 12 ಮೀಟರ್ ಬೋರ್ಡನ್ನು 60 ಡಿಗ್ರಿ ವಾಲಿಸಿದರೆ ತಿರುವಿನ ರೇಡಿಯಸ್ ಸುಮಾರು 6 ಮೀಟರ್. ನನ್ನ ಕೆಂಪು ಬೋರ್ಡ್ 20 ಮೀಟರಿನದು. ಹೆದರುತ್ತಾ ನಾನು ವಾಲಿಸುತ್ತಿದ್ದದ್ದು 30 ಡಿಗ್ರಿ ಇರಬಹುದು. ಹದಿನೇಳು ಮೀಟರಿನ ತಿರುವು. ಮರಗಳು ಎದುರಿಗೆ ಬರದೆ ಇನ್ನೇನು?

ಹಾಗಾಗಿ ಚಿಕ್ಕ ಗುಡ್ಡ, ಕಿರಿದಾದ ಇಳಿಜಾರು ಇದ್ದರೆ 9ರಿಂದ 12 ಮೀಟರ್ ನೋಡಿ. ಆಲ್ಪ್ಸ್, ಕೊಲೊರಾಡೊ ಕಡೆಯ ಅಗಲವಾದ ಇಳಿಜಾರು ಸಿಗುತ್ತದೆ ಅಂದರೆ 14ರವರೆಗೂ ಹೋಗಬಹುದು. ಉದ್ದ 160ರಿಂದ 170 ಸೆಂಟಿಮೀಟರ್ ಒಳಗೆ ಇರಲಿ. ನಡುವಿನ ಅಗಲ 20ರಿಂದ 22 ಸೆಂಟಿಮೀಟರ್. ರೇಸ್ ಬೋರ್ಡುಗಳು 18ಕ್ಕೂ ಇಳಿಯುತ್ತವೆ, ಆದರೆ ಅಷ್ಟು ಕಿರಿದಾದರೆ ಪಾದಗಳನ್ನು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಇಡಬೇಕಾಗುತ್ತದೆ. ಹಗ್ಗದ ಮೇಲೆ ನಡೆದ ಹಾಗೆ.

ಬಿಗಿ ಆರಿಸುವಾಗ ಎತ್ತರಕ್ಕಿಂತ ತೂಕ ಮುಖ್ಯ. 60 ಕಿಲೊದವರು 90 ಕಿಲೊದವರಿಗೆ ಮಾಡಿದ ಬೋರ್ಡ್ ಹತ್ತಿದರೆ ಅದು ಬಾಗುವುದೇ ಇಲ್ಲ. ಈ ಲೋಕದ ಒಂದು ಸೊಗಸು ಇಲ್ಲೇ ಇದೆ. ಒಂಟಾರಿಯೊದ ಕಾಯ್ಲರ್, ಕೊಲೊರಾಡೊದ ಡೋನೆಕ್‌ನಂಥ ಸಣ್ಣ ಕಾರ್ಖಾನೆಗಳು ಬಟ್ಟೆ ಹೊಲಿಯುವ ದರ್ಜಿಯ ಹಾಗೆ ನಿಮ್ಮ ತೂಕ, ಬೂಟಿನ ಸೈಜು, ನೀವು ಹೋಗುವ ಗುಡ್ಡ ಎಲ್ಲ ಕೇಳಿ ಬೋರ್ಡ್ ಮಾಡಿಕೊಡುತ್ತವೆ. ಸ್ವಿಟ್ಜರ್ಲೆಂಡಿನ ಕೆಸ್ಲರ್, ಆಸ್ಟ್ರಿಯಾದ ಎಸ್‌ಜಿ ರೇಸಿನವರ ಹೆಸರುಗಳು. ಬೆಲೆ ಮಾತ್ರ ಗಟ್ಟಿ. ಒಳ್ಳೆಯ ರೇಸ್ ಬೋರ್ಡ್ ಹೊಸದಾಗಿ ಸಾವಿರ ಡಾಲರ್ ದಾಟುತ್ತದೆ. ಅದಕ್ಕೇ ಮೊದಲ ಬೋರ್ಡ್ ಸೆಕೆಂಡ್ ಹ್ಯಾಂಡ್ ಇರಲಿ ಅನ್ನುತ್ತೇನೆ. ಒಂದು ವರ್ಷದಲ್ಲಿ ನಿಮ್ಮ ರುಚಿ ಹೇಗೂ ಬದಲಾಗುತ್ತದೆ.

ಹಳೆ ಬೋರ್ಡ್ ಕೊಳ್ಳುವಾಗ ಬಂದೂಕಿಗೆ ಗುರಿ ಇಡುವವರ ಹಾಗೆ ಒಂದು ಕಣ್ಣು ಮುಚ್ಚಿ ತುದಿಯಿಂದ ತುದಿಗೆ ನೋಡಿ. ಮೂತಿಯ ಹತ್ತಿರ ಸಣ್ಣ ಮಡಿಕೆ ಕಂಡರೆ ಬಿಡಿ. ಈಗಿನ ಬೋರ್ಡುಗಳಲ್ಲಿ ಟೈಟಾನಲ್ ಅನ್ನುವ ಲೋಹದ ಹಾಳೆ ಇರುತ್ತದೆ. ಹೆಸರು ಕೇಳಿ ಟೈಟಾನಿಯಂ ಅಂದುಕೊಳ್ಳಬೇಡಿ, ಅದು ಅಲ್ಯೂಮಿನಿಯಂನ ಮಿಶ್ರಲೋಹ. ನಡುಕ ಕುಡಿದುಬಿಡುತ್ತದೆ, ಗಟ್ಟಿ ಮಂಜಿನ ಮೇಲೆ ಹಿಡಿತ ಬಿಡುವುದಿಲ್ಲ, ಆದರೆ ಒಮ್ಮೆ ಮಡಚಿದರೆ ಪಾತ್ರೆಯ ನೆಗ್ಗಿನಂತೆ ಹಾಗೇ ಉಳಿಯುತ್ತದೆ. ಎಡ್ಜ್ ಎಷ್ಟು ದಪ್ಪ ಉಳಿದಿದೆ, ಬದಿಯ ಪದರ ಬಿಟ್ಟುಕೊಂಡಿದೆಯಾ, ಸ್ಕ್ರೂ ಕೂರುವ ತೂತುಗಳ ಮರೆ ಸರಿಯಿದೆಯಾ, ಇಷ್ಟನ್ನೂ ಕೈಯಾಡಿಸಿ ನೋಡಿ.

ಕಾರ್ಪೆಟ್ ಮೇಲೆ ಒಂದು ಸಂಜೆ

ಸೆಟಪ್ ಕೆಲಸ ಗುಡ್ಡದ ಬುಡದಲ್ಲಿ ಮಾಡುವುದಲ್ಲ. ಮೈನಸ್ 15ರಲ್ಲಿ ಕೈಗವಸು ಬಿಚ್ಚಿ ಸ್ಕ್ರೂ ಹುಡುಕಿದವರನ್ನು ಕೇಳಿ. ಹಿಂದಿನ ದಿನ ಸಂಜೆ ಮನೆಯ ಕಾರ್ಪೆಟ್ ಮೇಲೆ ಬೋರ್ಡ್ ಇಟ್ಟುಕೊಂಡು ಕೂರಿ. ಬೇಕಾದದ್ದು ಉಕ್ಕಿನ ಸ್ಕೇಲ್, ಅಳತೆ ಟೇಪು, ಮಾಸ್ಕಿಂಗ್ ಟೇಪ್, ಮತ್ತೆ ಪೋಸಿಡ್ರೈವ್ ನಂಬರ್ 3 ಸ್ಕ್ರೂಡ್ರೈವರ್. ಈ ಕೊನೆಯದನ್ನು ಒತ್ತಿ ಹೇಳುತ್ತೇನೆ. ಬೈಂಡಿಂಗ್ ಸ್ಕ್ರೂ ನೋಡಲು ಮಾಮೂಲಿ ಸ್ಟಾರ್ ಸ್ಕ್ರೂ ಥರವೇ ಇರುತ್ತದೆ. ಮನೆಯಲ್ಲಿದ್ದ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದುಹೋಗುತ್ತದೆ, ಆಮೇಲೆ ಬಿಚ್ಚಲು ದೇವರೇ ಬರಬೇಕು.

ಯಾವ ಕಾಲು ಮುಂದೆ ಅನ್ನುವುದು ನಿಮಗೆ ಈಗಾಗಲೇ ಗೊತ್ತಿರುತ್ತದೆ, ಅದೇ ಇಲ್ಲೂ.

ಮೊದಲು ಕಾಲುಗಳ ನಡುವಿನ ಅಂತರ. ನೆಲದಿಂದ ಮಂಡಿಚಿಪ್ಪಿನ ನಡುವಿನವರೆಗೆ ಅಳೆಯಿರಿ. 172 ಸೆಂಟಿಮೀಟರ್ ಎತ್ತರದ ನನಗೆ ಅದು 49. ಎರಡು ಬೈಂಡಿಂಗ್‌ಗಳ ನಡುಬಿಂದುಗಳ ಅಂತರ ಅಷ್ಟೇ ಇರಲಿ, ಒಂದೆರಡು ಸೆಂಟಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ. ಹಿಂದೆ ಮುಂದೆ ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಬೋರ್ಡ್ ಮಾಡಿದವರೇ ಗುರುತು ಹಾಕಿರುತ್ತಾರೆ. ಮೊದಲು ಅದನ್ನು ನಂಬಿ.

ಇನ್ನು ಕೋನ. ಇಲ್ಲಿ ನಿಧಾನ ಮಾಡಿ. ಬೋರ್ಡಿಗೆ ಪೂರ್ತಿ ಅಡ್ಡ ನಿಂತರೆ ಸೊನ್ನೆ, ಮೂತಿಯ ಕಡೆ ನೇರ ನೋಡಿದರೆ 90. ಕಾರ್ವಿಂಗ್‌ನವರು ನಿಲ್ಲುವುದು 50ರಿಂದ 65ರ ಒಳಗೆ. ಯಾರೋ ಚಾಂಪಿಯನ್ ಇಟ್ಟುಕೊಂಡ ಕೋನ ನಿಮಗೆ ಬೇಡ. ನಿಮ್ಮ ಕೋನವನ್ನು ಹೇಳುವುದು ನಿಮ್ಮ ಬೂಟು ಮತ್ತು ಬೋರ್ಡಿನ ಅಗಲ. ಬೂಟಿನ ಬೆರಳಾಗಲಿ ಹಿಮ್ಮಡಿಯಾಗಲಿ ಎಡ್ಜ್‌ನಿಂದ ಹೊರಗೆ ಚಾಚಿದ್ದರೆ, ಚೆನ್ನಾಗಿ ವಾಲಿದಾಗ ಅದೇ ಮೊದಲು ಹಿಮಕ್ಕೆ ತಾಗುತ್ತದೆ. ಎಡ್ಜ್ ಎದ್ದುಬಿಡುತ್ತದೆ. ಮರುಕ್ಷಣ ನೀವು ಬೆನ್ನ ಮೇಲೆ.

ಹೀಗೆ ಮಾಡಿ. ಮುಂದಿನ ಬೈಂಡಿಂಗನ್ನು 55ಕ್ಕೆ ಇಟ್ಟು ಸ್ಕ್ರೂ ಸಡಿಲವಾಗಿ ಕೂರಿಸಿ. ಬೂಟನ್ನು ಲಿವರ್ ಹಾಕಿ ಬಿಗಿಯಿರಿ. ಈಗ ಸ್ಕೇಲನ್ನು ಎಡ್ಜ್‌ಗೆ ತಾಗಿಸಿ ನೆಟ್ಟಗೆ ಗೋಡೆಯಂತೆ ನಿಲ್ಲಿಸಿ. ಬೂಟು ಸ್ಕೇಲನ್ನು ಹೊರಗೆ ತಳ್ಳುತ್ತಿದೆಯಾ? ಹಾಗಿದ್ದರೆ ಕೋನ 3 ಡಿಗ್ರಿ ಹೆಚ್ಚಿಸಿ, ಮತ್ತೆ ನೋಡಿ. ಬೂಟಿಗೂ ಸ್ಕೇಲಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗ ಇದ್ದರೆ ಕೋನ ಇಳಿಸಬಹುದು. ಬೂಟು ಎಡ್ಜ್‌ಗೆ ಸರಿಯಾಗಿ ಬಂದು ನಿಂತ ಕೋನವೇ ನಿಮ್ಮದು. ಬೆರಳಿನ ಕಡೆ, ಹಿಮ್ಮಡಿ ಕಡೆ ಎರಡೂ ಒಂದೇ ಸಮ ಇರಬೇಕು. ಒಂದು ಕಡೆ ಜಾಸ್ತಿ ಇದ್ದರೆ ಬೂಟನ್ನು ಬೈಂಡಿಂಗ್‌ನಲ್ಲೇ ಹಿಂದೆ ಮುಂದೆ ಸರಿಸಲು ಬರುತ್ತದೆ. ಹಿಂಗಾಲಿಗೆ ಮುಂಗಾಲಿಗಿಂತ 3ರಿಂದ 5 ಡಿಗ್ರಿ ಕಡಿಮೆ ಇಟ್ಟು ಅದಕ್ಕೂ ಇದೇ ಸ್ಕೇಲ್ ಪರೀಕ್ಷೆ ಮಾಡಿ. 21 ಸೆಂಟಿಮೀಟರ್ ಅಗಲದ ನನ್ನ ಈಗಿನ ಬೋರ್ಡ್ ಮೇಲೆ 60, 56 ಬಂದಿದೆ.

ಆಮೇಲೆ ಎತ್ತರ. ಮುಂಗಾಲಿನ ಬೆರಳಿನ ಕಡೆ ಸ್ವಲ್ಪ ಎತ್ತರ, ಹಿಂಗಾಲಿನ ಹಿಮ್ಮಡಿ ಕಡೆ ಸ್ವಲ್ಪ ಎತ್ತರ. ಬೈಂಡಿಂಗ್ ಜೊತೆ ಬರುವ ಬೆಣೆಗಳು ಇದಕ್ಕೇ. 3 ಡಿಗ್ರಿಯಿಂದ ಶುರು ಮಾಡಿ. ಯಾಕೆಂದು ತಿಳಿಯಬೇಕಾದರೆ ಬರಿಗಾಲಲ್ಲಿ ಒಂದು ಹೆಜ್ಜೆ ಮುಂದಿಟ್ಟು ಮಂಡಿ ಬಗ್ಗಿಸಿ ನೋಡಿ. ಹಿಂಗಾಲಿನ ಹಿಮ್ಮಡಿ ತಾನಾಗೇ ಏಳುತ್ತದೆ. ಬೂಟಿನ ಲಿವರ್ ಕೂಡ ಇದೇ ಲೆಕ್ಕ: ಮುಂದಿನ ಬೂಟು ಹೆಚ್ಚುಕಡಿಮೆ ನೆಟ್ಟಗೆ, ಹಿಂದಿನದು ಮುಂದಕ್ಕೆ ವಾಲಿರಲಿ.

ಸ್ಕ್ರೂ ಬಿಗಿಯುವಾಗ ಒಂದನ್ನೇ ಪೂರ್ತಿ ಬಿಗಿಯಬೇಡಿ. ಕಾರಿನ ಚಕ್ರದ ನಟ್ಟಿನಂತೆ ಎದುರುಬದುರು ಸ್ವಲ್ಪ ಸ್ವಲ್ಪ. ಉದ್ದದ ಸ್ಕ್ರೂ ಹಾಕಿದರೆ ತಳದಲ್ಲಿ ಮೊಡವೆಯ ಹಾಗೆ ಉಬ್ಬು ಬರುತ್ತದೆ, ಗಿಡ್ಡದು ಹಾಕಿದರೆ ಕಿತ್ತು ಬರುತ್ತದೆ. ಬೆರಳಲ್ಲಿ ತಿರುಗಿಸಿ ಸುತ್ತು ಎಣಿಸಿ, ಕನಿಷ್ಠ ಆರು ಸುತ್ತು ಹಿಡಿಯಲಿ. ಬೈಂಡಿಂಗ್‌ನ ಲಿವರ್ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಮುಚ್ಚಬೇಕು. ಕಾಲಿನಿಂದ ಒದ್ದು ಮುಚ್ಚಬೇಕಾದರೆ ಬಿಗಿ ಜಾಸ್ತಿ. ಗಾಳಿಗೆ ಮುಚ್ಚಿಕೊಂಡರೆ ಸಡಿಲ.

ಎಲ್ಲ ಆದ ಮೇಲೆ ಬೂಟು ಹಾಕಿ ಬೋರ್ಡ್ ಮೇಲೆ ನಿಂತು, ಕಣ್ಣು ಮುಚ್ಚಿ, ಮೆಲ್ಲಗೆ ಕುಳಿತು ಏಳಿ. ಮಂಡಿ ಒಂದಕ್ಕೊಂದು ಉಜ್ಜಿದರೆ ಅಥವಾ ಯಾವುದೋ ಬದಿಗೆ ಎಳೆದಂತಾದರೆ ಅಂತರವನ್ನೋ ಬೆಣೆಯನ್ನೋ ಬದಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ.

ಎಡ್ಜ್

ಮೊಂಡು ಎಡ್ಜ್ ಇಟ್ಟುಕೊಂಡು ಕಾರ್ವಿಂಗ್ ಇಲ್ಲ. ಸಾಣೆ ಹಿಡಿಯುವ ಕೋನ ತಳದ ಕಡೆ ಅರ್ಧದಿಂದ 1 ಡಿಗ್ರಿ, ಬದಿಯ ಕಡೆ 2ರಿಂದ 3 ಡಿಗ್ರಿ. ನಮ್ಮಂಥ ಗಟ್ಟಿ ಮಂಜಿನ ಊರಿಗೆ ಬದಿಗೆ 3 ಒಳ್ಳೆಯದು. ಮೊದಲ ಸಲ ಅಂಗಡಿಯಲ್ಲೇ ಮಾಡಿಸಿ. ಆಮೇಲೆ ಕೋನದ ಗೈಡ್ ಮತ್ತು ವಜ್ರದ ಪುಡಿಯ ಸಾಣೆಯೊಂದು ಕೊಂಡು, ಪ್ರತಿ ಸಲ ಹೋಗಿ ಬಂದ ಮೇಲೆ ನಾಲ್ಕಾರು ಬಾರಿ ಎಳೆದರೆ ಸಾಕು. ಉಗುರನ್ನು ಎಡ್ಜ್‌ಗೆ ಅಡ್ಡ ಎಳೆದು ನೋಡಿ. ಉಗುರಿನ ಪುಡಿ ಬಂದರೆ ಹರಿತ ಇದೆ. ಕಾರಿಗೆ ಹಾಕುವ ಮೊದಲು ನೀರು ಒರೆಸದಿದ್ದರೆ ಮರುದಿನ ತುಕ್ಕು.

ಮೊದಲ ದಿನ

ಬೆಳಗ್ಗೆ ಲಿಫ್ಟ್ ತೆರೆಯುವ ಹೊತ್ತಿಗೇ ಹೋಗಿ. ಯಂತ್ರ ಬಾಚಣಿಗೆ ಎಳೆದಂತೆ ಬಿಟ್ಟುಹೋದ ಗೆರೆಗಳು ಇನ್ನೂ ಅಳಿಸಿರುವುದಿಲ್ಲ, ಜನವೂ ಕಮ್ಮಿ. ಕಾರ್ವಿಂಗ್ ಮಾಡುವವರು ಇಳಿಜಾರಿನ ಈ ತುದಿಯಿಂದ ಆ ತುದಿಗೆ ಸರಸರನೆ ಅಡ್ಡ ಹೋಗುತ್ತಾರೆ. ಹಿಂದಿನಿಂದ ಬರುವ ಸ್ಕೀಯರ್‌ಗೆ ಅದು ಅಂದಾಜಿಗೆ ಸಿಗುವುದಿಲ್ಲ. ನಿಯಮದ ಪ್ರಕಾರ ತಪ್ಪು ಹಿಂದಿನವರದೇ ಇರಬಹುದು, ಮುರಿಯುವ ಮೂಳೆ ನಿಮ್ಮದು. ಪ್ರತಿ ತಿರುವಿಗೂ ಮೊದಲು ಕತ್ತು ತಿರುಗಿಸಿ ಮೇಲೆ ನೋಡಿ. ಹೆಲ್ಮೆಟ್ ಬಗ್ಗೆ ಮಾತೇ ಬೇಡ, ಹಾಕಲೇಬೇಕು.

ಎಲ್ಲಕ್ಕಿಂತ ಸುಲಭದ ಹಸಿರು ಇಳಿಜಾರಿನಲ್ಲಿ ಶುರು ಮಾಡಿ. ತಿರುಗಿಸಲು ಹೋಗಬೇಡಿ. ಬೋರ್ಡನ್ನು ಎಡ್ಜ್ ಮೇಲೆ ಸ್ವಲ್ಪ ವಾಲಿಸಿ, ಕಾಯಿರಿ. ಅದೇ ತಿರುಗುತ್ತದೆ. ಬೈಕಿನಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಇದು ಬೇಗ ಹತ್ತುತ್ತದೆ: ಹ್ಯಾಂಡಲ್ ತಿರುಗಿಸುವುದಿಲ್ಲ, ಬೈಕು ವಾಲಿಸುತ್ತೀರಿ, ಕಣ್ಣು ತಿರುವಿನ ಆಚೆಗೆ ಇಟ್ಟಿರುತ್ತೀರಿ. ಎರಡು ಸುತ್ತು ಆದ ಮೇಲೆ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಿರಿ, ಹೊಸ ಬೈಂಡಿಂಗ್ ಸಡಿಲವಾಗುವುದು ಆಗಲೇ.

ಆಮೇಲೆ ನಿಂತು ಹಿಂದಿರುಗಿ ನಿಮ್ಮ ಗೆರೆ ನೋಡಿ. ಶುರುವಿನಿಂದ ಕೊನೆವರೆಗೆ ತೆಳ್ಳಗೆ ಇದ್ದರೆ ಸೆಟಪ್ ಸರಿಯಿದೆ. ತಿರುವಿನ ಕೊನೆಯಲ್ಲಿ ಮಾತ್ರ ಅಗಲವಾಗಿ ಹರಡಿದ್ದರೆ ಭಾರ ಹಿಂಗಾಲಿಗೆ ಬಿದ್ದಿದೆ. ಹಿಂದಿನ ಬೂಟನ್ನು ಇನ್ನೊಂದು ಹಂತ ಮುಂದಕ್ಕೆ ವಾಲಿಸಿ ನೋಡಿ. ಹಿಮ್ಮಡಿ ಬದಿಯ ತಿರುವು ಮಾತ್ರ ಕೆಡುತ್ತಿದ್ದರೆ ಸ್ಕೇಲ್ ಮತ್ತೆ ಹೊರಗೆ ತೆಗೆಯಿರಿ, ಬಹುಶಃ ಹಿಮ್ಮಡಿ ಚಾಚಿದೆ. ಗೆರೆಯ ನಡುವೆ ಚುಕ್ಕೆ ಚುಕ್ಕೆಯಾಗಿ ಬಿಟ್ಟುಹೋಗಿದ್ದರೆ ಎಡ್ಜ್ ಮೊಂಡಾಗಿದೆ, ಇಲ್ಲವೇ ಬೋರ್ಡ್ ನಿಮ್ಮ ತೂಕಕ್ಕೆ ಬಿಗಿ. ಕಂಡದ್ದನ್ನು ಅಲ್ಲೇ ಮಾಸ್ಕಿಂಗ್ ಟೇಪ್ ಮೇಲೆ ಬರೆದು ಬೋರ್ಡಿಗೆ ಅಂಟಿಸಿ. ನನ್ನದರ ಮೇಲೆ ಈಗ ಹೀಗಿದೆ: "60/56, 49, ಹಿಂದಿನ ಬೂಟು 4, ಬಲ ಕಿರುಬೆರಳು ಒತ್ತುತ್ತೆ."